ಭರಣಿಯಲ್ಲಿಟ್ಟ ನೀಲಿ

ಧಾರವಾಡದಿಂದ ಬಂದ ಪತ್ರ ಒಂದೇ ಪುಟದ್ದು. ಸೆಪ್ಟೆಂಬರ್ ಇಪ್ಪತ್ತೇಳರ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರು ಪ್ರೊಫೆಸರುಗಳ ಕಮಿಟಿ ಶಿರಸಿಗೆ ಬರುತ್ತದೆ. ಗಂಗಾ ಹೆಗಡೆಯವರ ನೀಲಿ ದೀಪ ಅವರೆದುರು ಒಂದು ತಾಸು ನಂದದೆ ಉರಿದರೆ ಯಂತ್ರ ಇನ್ನೂ ಎರಡು ವರ್ಷ ಶಿರಸಿಯಲ್ಲೇ ಉಳಿಯುತ್ತದೆ. ಇಲ್ಲವಾದರೆ ಅದನ್ನು ಬಿಚ್ಚಿ, ಲಾರಿಗೆ ಹೇರಿ, ವಿಶ್ವವಿದ್ಯಾಲಯಕ್ಕೆ ಕಳಿಸಬೇಕು. ಪತ್ರದ ಭಾಷೆ ಬಹಳ ಸಭ್ಯವಾಗಿತ್ತು. ಇಷ್ಟು ಸಭ್ಯವಾಗಿ ಬರೆದ ಪತ್ರ ಕಂಡರೆ ಗಂಗಾಳಿಗೆ ಮೊದಲಿಂದಲೂ ಹೆದರಿಕೆ.

ಗಂಗಾ ಶಿರಸಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ತವರು ನಿಲ್ಕುಂದ, ವಯಸ್ಸು ಮೂವತ್ತೊಂಬತ್ತು. ಪಿಎಚ್‌ಡಿಗೆ ಹೆಸರು ಹಚ್ಚಿ ಆರು ವರ್ಷವಾಗಿತ್ತು. ಬೇರೆಯವರು ಸುಲಭದ ವಿಷಯ ಹಿಡಿದು ಮೂರು ವರ್ಷಕ್ಕೆ ಡಾಕ್ಟರಾಗಿ ಪೇಟಾ ಸುತ್ತಿಸಿಕೊಂಡು ಫೋಟೋ ತೆಗೆಸಿಕೊಂಡರು. ಇವಳು ಹಿಡಿದದ್ದು ಓಎಲ್‌ಇಡಿಯ ನೀಲಿಯನ್ನು. ಇಂಗಾಲದ ಸಂಯುಕ್ತಗಳನ್ನು ಗಾಜಿನ ಮೇಲೆ ತೆಳ್ಳಗೆ ಹಿಡಿಸಿ ಕರೆಂಟು ಕೊಟ್ಟರೆ ಅವು ತಾವೇ ಬೆಳಗುತ್ತವೆ. ಕೆಂಪು, ಹಸಿರು ಹೇಳಿದ ಮಾತು ಕೇಳುತ್ತವೆ. ನೀಲಿ ಮಾತ್ರ ಲೋಕದಲ್ಲಿ ಎಲ್ಲರ ಕೈಯಲ್ಲೂ ಹಟ ಮಾಡುತ್ತದೆ. ಅದಕ್ಕೆ ಶಕ್ತಿ ಹೆಚ್ಚು ಬೇಕು, ಆ ಶಕ್ತಿಯೇ ಅದರ ಅಣುವನ್ನು ಮುರಿಯುತ್ತದೆ. ದೊಡ್ಡ ದೊಡ್ಡ ಕಂಪನಿಗಳೇ ಕೈಸುಟ್ಟುಕೊಂಡ ಬಣ್ಣ ಅದು. ಇದನ್ನು ಗೊತ್ತಿದ್ದೂ ಹಿಡಿದಳು. ಯಾಕೆ ಎಂದು ಕೇಳಿದರೆ, "ಹಸಿರು ಎಲ್ಲಾ ಬದಿಗೂ ಇದ್ದಲಿ" ಎನ್ನುತ್ತಿದ್ದಳು. ಶಿರಸಿಯಲ್ಲಿ ನಿಂತು ಹೇಳಿದರೆ ಇದಕ್ಕೆ ಎದುರುತ್ತರವಿಲ್ಲ.

ಯಂತ್ರ ಎಂದರೆ ಹೊಸದೇನಲ್ಲ. ಹುಬ್ಬಳ್ಳಿಯ ಕನ್ನಡಿ ಕಾರ್ಖಾನೆಯೊಂದು ಬಾಗಿಲು ಹಾಕುವಾಗ ಗುಜರಿಗೆ ಹಾಕಿದ್ದ ನಿರ್ವಾತ ಯಂತ್ರ. ದೊಡ್ಡ ಗಾಜಿನ ಗಂಟೆಯೊಳಗಿನ ಗಾಳಿಯನ್ನೆಲ್ಲ ಹೀರಿ, ಅಲ್ಯೂಮಿನಿಯಂ ಕಾಯಿಸಿ, ಅದರ ಆವಿಯನ್ನು ಗಾಜಿಗೆ ಹಿಡಿಸಿ ಕನ್ನಡಿ ಮಾಡುತ್ತಿತ್ತು. ಗಂಗಾ ಅದನ್ನು ವಿಶ್ವವಿದ್ಯಾಲಯದ ಪ್ರಾಜೆಕ್ಟಿನ ದುಡ್ಡಿನಲ್ಲಿ ತಂದು, ಲ್ಯಾಬಿನ ಅಟೆಂಡರ್ ಶಿವಪುತ್ರಪ್ಪನ ಕೈಗೆ ಒಪ್ಪಿಸಿದಳು. ಬನವಾಸಿ ಕಡೆಯ ಶಿವಪುತ್ರಪ್ಪನಿಗೆ ಐವತ್ತು ವರ್ಷ, ಕಬ್ಬಿಣದ ಸಾಮಾನಿನ ಮೇಲೆ ಮಕ್ಕಳ ಮೇಲಿನಷ್ಟೇ ಕಕ್ಕುಲಾತಿ. ಪಂಪಿನ ಎಣ್ಣೆ ಸೋರಿಕೆ ನಿಲ್ಲಿಸಲು ಅವನಿಗೆ ನಾಲ್ಕು ತಿಂಗಳು ಬೇಕಾಯಿತು. ನಿಂತ ದಿನ ಅವನು ಇಡೀ ಡಿಪಾರ್ಟ್‌ಮೆಂಟಿಗೆ ಪೇಡೆ ಹಂಚಿದ.

ಆ ಗಂಟೆಯೊಳಗೆ ಗಂಗಾ ಒಂದಿಂಚಿನ ಗಾಜಿನ ಮೇಲೆ ಪದರದ ಮೇಲೆ ಪದರ ಹಿಡಿಸುತ್ತಿದ್ದಳು. ಎಲ್ಲ ಪದರ ಸೇರಿದರೂ ಒಂದು ತಲೆಗೂದಲಿನ ಐನೂರನೇ ಪಾಲು ದಪ್ಪ. ಕೆಳಗಿನ ಪದರದಿಂದ ಧನ ಆವೇಶ ಹತ್ತಿ ಬರಬೇಕು, ಮೇಲಿನ ಪದರದಿಂದ ಇಲೆಕ್ಟ್ರಾನ್ ಇಳಿದು ಬರಬೇಕು. ಎರಡೂ ನಡುವಿನ ನೀಲಿ ಪದರದಲ್ಲೇ ಕೂಡಬೇಕು, ಕೂಡಿದಲ್ಲಿ ಬೆಳಕು. ಮೊದಲ ಎರಡು ವರ್ಷ ಅವಳ ದೀಪ ನೀಲಿಯ ಬದಲು ಹಸಿರಾಗಿಯೇ ಹೊತ್ತಿತು. ತಾನು ಮಾಡಿದ ಅಣುವೇ ಸರಿಯಿಲ್ಲವೆಂದು ಅವಳು ಅತ್ತದ್ದೂ ಉಂಟು. ಆಮೇಲೆ ತಿಳಿಯಿತು: ಧನ ಆವೇಶಕ್ಕೆ ನಿಲ್ಲುವ ಸೈರಣೆಯಿಲ್ಲದೆ ಅದು ನೀಲಿ ಪದರವನ್ನು ದಾಟಿ ಮೇಲಿನ ಪದರಕ್ಕೆ ನುಗ್ಗುತ್ತಿತ್ತು, ಮೇಲಿನ ಪದರದ ವಸ್ತುವಿನ ಬಣ್ಣವೇ ಹಸಿರು. ಎರಡರ ನಡುವೆ ಹತ್ತು ನ್ಯಾನೋಮೀಟರಿನ ತಡೆ ಪದರವೊಂದನ್ನು ಹಾಕಿದಳು. ಮರುದಿನ ಗಂಟೆಯೊಳಗೆ ನೀಲಿ ಹೊತ್ತಿತು. ಶುದ್ಧ ನೀಲಿ, ಶಂಖಪುಷ್ಪದ ನೀಲಿ. ಗಂಗಾ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಗಂಟೆಯೊಳಗೆ ಇದ್ದಷ್ಟು ಹೊತ್ತು ನೀಲಿ ಚೆನ್ನಾಗಿತ್ತು. ಹೊರಗೆ ತೆಗೆದರೆ ನಾಲ್ಕೇ ನಿಮಿಷ. ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳು ಮೂಡಿ, ಬೆಳೆದು, ಒಂದನ್ನೊಂದು ಕೂಡಿ, ದೀಪ ಬೆಳಗುವ ಪುಟ್ಟ ಕಿಟಕಿ ಇಡಿಯಾಗಿ ಕಪ್ಪಾಗುತ್ತಿತ್ತು. ಕಾರಣ ಗುಟ್ಟಿನದಲ್ಲ, ಗಾಳಿಯ ನೀರಿನಂಶ. ಶಿರಸಿಯ ಗಾಳಿಯಲ್ಲಿ ನೀರಿಗೆ ಎಂದೂ ಬರವಿಲ್ಲ. ದೀಪದ ಮೇಲೆ ಗಾಜಿನ ಮುಚ್ಚಳ ಅಂಟಿಸಿ, ಒಳಗೆ ನೀರು ಹೀರುವ ವಸ್ತು ಇಡಬೇಕು ಎಂದು ಪುಸ್ತಕ ಹೇಳುತ್ತದೆ. ಆ ವಸ್ತುವಿನ ಹಾಳೆ ಜಪಾನಿನಿಂದ ಬರಬೇಕಿತ್ತು. ಆರ್ಡರು ಕೊಟ್ಟು ಏಳು ತಿಂಗಳಾಗಿತ್ತು, ಪತ್ರ ಬಂದಾಗ ಕಮಿಟಿಗೆ ಉಳಿದದ್ದು ಹದಿನೈದು ದಿನ.

ದಾರಿ ಸಿಕ್ಕಿದ್ದು ಮನೆಯ ಜಗುಲಿಯಲ್ಲಿ. ಮರಾಠಿಕೊಪ್ಪದ ಮನೆಯಲ್ಲಿ ವಾರದ ದಿನ ಇದ್ದದ್ದು ಇಬ್ಬರೇ, ಗಂಗಾ ಮತ್ತು ಮಾವ ಸುಬ್ರಾಯ ಹೆಗಡೆ. ಅವಳ ಗಂಡ ಯಲ್ಲಾಪುರದ ಬ್ಯಾಂಕಿನಲ್ಲಿದ್ದು ತಿಂಗಳಿಗೆರಡು ಸಲ ಬರುತ್ತಿದ್ದ. ಮಾವ ದೊಡ್ಮನೆ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು, ಊರಿಗೆಲ್ಲ ಮಾಸ್ತರು. ದಿನಕ್ಕೆ ಎಂಟು ಸಲ ಎಲೆ ಅಡಿಕೆಯ ಕವಳ. ಅಂಗಡಿಯ ಸುಣ್ಣ ಅವರಿಗಾಗದು. ಕುಮಟೆಯಿಂದ ಸುಟ್ಟ ಚಿಪ್ಪು ತರಿಸಿ ಭರಣಿಯಲ್ಲಿ ತುಂಬಿಟ್ಟು, ಬೇಕಾದಾಗ ಎರಡು ಚಿಪ್ಪು ತೆಗೆದು ನೀರು ಹಾಕಿ ತಾವೇ ಅರಳಿಸುತ್ತಿದ್ದರು. ಅವತ್ತು ಬಟ್ಟಲಲ್ಲಿ ಚಿಪ್ಪು ಚಟಚಟ ಸಿಡಿದು, ಹೊಗೆಯೆದ್ದು, ಹಾಕಿದ ನೀರನ್ನೆಲ್ಲ ಕುಡಿದು ಪುಡಿಯಾದದ್ದನ್ನು ಗಂಗಾ ನೋಡುತ್ತಾ ನಿಂತಳು. ಬಿ.ಎಸ್ಸಿ. ಮೊದಲ ವರ್ಷಕ್ಕೆ ಇದನ್ನೇ ಹದಿನಾಲ್ಕು ವರ್ಷ ಪಾಠ ಮಾಡಿದ್ದಾಳೆ. ತನ್ನ ದಡ್ಡತನಕ್ಕೆ ತಾನೇ ನಕ್ಕಳು.

"ಮಾವ, ಯಂಗೆ ಸ್ವಲ್ಪ ಚಿಪ್ಪು ಬೇಕು."

"ಎಂತಕ್ಕೆ ಬೇಕಾತೆ ಕೂಸೆ? ನೀನೂ ಕವಳ ಹಾಕಲೆ ಶುರು ಮಾಡಿದ್ಯ?"

"ಕವಳಕ್ಕಲ್ಲ. ದೀಪಕ್ಕೆ. ಇದು ನೀರು ಕಂಡ್ರೆ ಬಿಡ್ತಿಲ್ಲೆ ಅಲ್ದಾ?"

ಮಾಸ್ತರು ಕನ್ನಡಕ ಏರಿಸಿ ಸೊಸೆಯನ್ನು ನೋಡಿದರು. ಆಮೇಲೆ ಭರಣಿಯ ಮುಚ್ಚಳ ತೆಗೆದು, ಬಿಳೀ ಚಿಪ್ಪುಗಳಲ್ಲಿ ಒಳ್ಳೆಯದನ್ನೇ ಆರಿಸಿ ಕಾಗದದಲ್ಲಿ ಕಟ್ಟಿಕೊಟ್ಟರು. ಸುಣ್ಣದ ಮರ್ಯಾದೆಯ ಪ್ರಶ್ನೆ ಅದು.

ಆ ಭಾನುವಾರ ಗಂಗಾ ಒಬ್ಬಳೇ ಲ್ಯಾಬಿಗೆ ಹೋದಳು. ಚಿಪ್ಪನ್ನು ಅರೆದು, ಕುಲುಮೆಯಲ್ಲಿ ಇನ್ನೊಮ್ಮೆ ಕಾಯಿಸಿ, ಒಣ ಪುಡಿಯನ್ನು ಮುಚ್ಚಳದ ಒಳಮೂಲೆಯಲ್ಲಿಟ್ಟು ತೆಳು ಬಟ್ಟೆಯ ತುಂಡೊಂದನ್ನು ಅದರ ಮೇಲೆ ಅಂಟಿಸಿದಳು. ಮುಚ್ಚಳ ಹಾಕುವ ಕೆಲಸಕ್ಕೆ ಅವರದೊಂದು ಪೆಟ್ಟಿಗೆಯಿತ್ತು. ಮೀನು ಸಾಕುವ ಗಾಜಿನ ತೊಟ್ಟಿಯನ್ನು ಬೋರಲು ಹಾಕಿ, ನೈಟ್ರೋಜನ್ ತುಂಬಿ, ಬದಿಯ ತೂತಿಗೆ ರಬ್ಬರಿನ ಕೈಗವಸು ಕಟ್ಟಿದ್ದು. ಹೊರಗಿನಿಂದ ಕೈ ತೂರಿಸಿ, ಮುಟ್ಟದ ಹಾಗೆ ಮುಟ್ಟಿ ಕೆಲಸ ಮಾಡಬೇಕು. ಹಿಂದೊಮ್ಮೆ ನೋಡಲು ಬಂದ ಮಾಸ್ತರು, "ಇದು ನಿನ್ನ ಅತ್ತೆ ಮಡಿಗಿಂತಾನೂ ಜೋರಿದ್ದು" ಎಂದಿದ್ದರು. ಆವತ್ತಿನ ದೀಪ ಸ್ವಲ್ಪ ಓರೆಯಾಯಿತು. ಪದರ ಎಲ್ಲಿ ಹಿಡಿಯಬೇಕೆಂದು ಗೆರೆ ಹಾಕುವ ಅಚ್ಚಿನ ತಗಡು ಜಾರಿ ಅರ್ಧ ಕಿಟಕಿಗಷ್ಟೇ ನೀಲಿ ಹಿಡಿದಿತ್ತು. ಆದರೆ ಹೊತ್ತಿತು. ಹತ್ತು ನಿಮಿಷ, ಅರ್ಧ ತಾಸು, ಒಂದು ತಾಸು. ಒಂದು ಚುಕ್ಕೆಯೂ ಬರಲಿಲ್ಲ. ಗಂಗಾಳಿಗೆ ಕುಣಿಯಬೇಕೆನ್ನಿಸಿತು. ಯಾರೂ ಇರಲಿಲ್ಲವಾದ್ದರಿಂದ ಸ್ವಲ್ಪ ಕುಣಿದಳು.

ಕಮಿಟಿಗೆ ಅರ್ಧ ಕಿಟಕಿ ತೋರಿಸಲಾಗದು, ಹೊಸದಾಗಿ ಐದು ನೇರ ದೀಪ ಮಾಡಬೇಕು ಎಂದುಕೊಂಡು ಆ ಓರೆಯದನ್ನು ಮರುದಿನ ಮನೆಗೆ ತಂದಳು. "ಯನ್ನ ಸುಣ್ಣ ಹಾಕಿದ ದೀಪ ಯಂಗೇ ತೋರ್ಸದ್ದೆ ಇದ್ರೆ ಹ್ಯಾಂಗೆ?" ಎಂದು ಮಾವ ತಗಾದೆ ತೆಗೆದಿದ್ದರು. ಒಂಬತ್ತು ವೋಲ್ಟಿನ ಬ್ಯಾಟರಿಗೆ ಸಿಕ್ಕಿಸಿ ಕೊಟ್ಟಳು.

"ದಿನಕ್ಕೆ ಐದೇ ನಿಮಿಷ ಹಚ್ಚವು ಮಾವ. ಹಚ್ಚಿದ್ದನ್ನೆಲ್ಲ ಬರದಿಡವು."

"ಹಾಂಗೇ ಆಗ್ಲಿ" ಎಂದರು ಮಾಸ್ತರು, ಶಾಲಾ ಇನ್‌ಸ್ಪೆಕ್ಟರಿಗೆ ಹೇಳುವ ಹಾಗೆ. ಗಂಗಾ ಆ ವಾರವೆಲ್ಲ ಪದರಗಳ ಗುಂಗಿನಲ್ಲೇ ಇದ್ದು ಆ ಮಾತನ್ನು ಮರೆತಳು.

ಶನಿವಾರದ ಹೊತ್ತಿಗೆ ಐದು ದೀಪ ತಯಾರಾದವು. ಒಂದಕ್ಕಿಂತ ಒಂದು ನೇರ, ನೈಟ್ರೋಜನ್ ಪೆಟ್ಟಿಗೆಯೊಳಗೆ ಮುಚ್ಚಳಕ್ಕೆ ಕಾದು ಕೂತವು. ಸೋಮವಾರ ಮುಚ್ಚಳ ಹಾಕಬೇಕೆನ್ನುವಾಗ ಪ್ರಿನ್ಸಿಪಾಲರು ಅವಳನ್ನು ಕಿರುಪರೀಕ್ಷೆಯ ಮೇಲ್ವಿಚಾರಣೆಗೆ ಹಾಕಿದರು. ಗಂಗಾ ಸುಣ್ಣದ ಶೀಶೆಯನ್ನು ಶಿವಪುತ್ರಪ್ಪನ ಕೈಗೆ ಕೊಟ್ಟಳು. "ಮುಚ್ಚಳದೊಳಗೆ ಈ ಸುಣ್ಣ ಹಾಕಿ ಅಂಟಿಸಿಬಿಡಿ" ಎಂದಷ್ಟೇ ಹೇಳಿ ಓಡಿದಳು. ಪೆಟ್ಟಿಗೆಯೊಳಗಿನ ಕೆಲಸದಲ್ಲಿ ಶಿವಪುತ್ರಪ್ಪನ ಕೈ ಅವಳ ಕೈಗಿಂತ ಹಗುರ. ಹೆಚ್ಚು ಹೇಳುವ ಅಗತ್ಯ ಕಾಣಲಿಲ್ಲ.

ಮಂಗಳವಾರ ಒಂಬತ್ತಕ್ಕೆ ಲ್ಯಾಬಿನ ಪರದೆ ಎಳೆದು ಮೊದಲ ದೀಪಕ್ಕೆ ಕರೆಂಟು ಕೊಟ್ಟಳು. ಕಿಟಕಿ ತುಂಬ ಕಪ್ಪು. ಎರಡನೆಯದು ಮಿಣಕ್ ಎಂದು ಆರಿತು. ಮೂರು, ನಾಲ್ಕು, ಐದು. ಅವಳು ಐದನೆಯದನ್ನು ಬೆಳಕಿಗೆ ಹಿಡಿದು ನೋಡಿದಳು. ಮುಚ್ಚಳದೊಳಗೆ ಸುಣ್ಣ ಪುಡಿಯಾಗಿರಲಿಲ್ಲ. ನುಣ್ಣಗೆ, ಬೆಣ್ಣೆಯ ಹಾಗೆ ಹಚ್ಚಿತ್ತು.

"ಶಿವಪುತ್ರಪ್ಪ, ಇದಕ್ಕೆ ನೀರು ಹಾಕಿದಿರಾ?"

"ಹೂಂನ್ರಿ ಮೇಡಂ. ಎರಡ ಹನಿ." ಅವನ ಮುಖದಲ್ಲಿ ಇನ್ನೂ ಸಂತೋಷವಿತ್ತು. "ಹಂಗ ಇಟ್ರ ಸುಡತೈತ್ರಿ ಅದು. ಇಷ್ಟ ನಾಜೂಕ ಪದರ, ಸುಟ್ಟಗಿಟ್ಟೀತು ಅಂತ ಮೊದಲ ಅರಳಿಸಿ, ಬಿಸಿ ಆರಿಸಿ, ಆಮ್ಯಾಲೆ ಹಚ್ಚೀನ್ರಿ."

ಊರಿನ ಮದುವೆಗಳಲ್ಲಿ ಎಲೆ ಅಡಿಕೆ ಸುಣ್ಣದ ಉಸ್ತುವಾರಿ ಶಿವಪುತ್ರಪ್ಪನದೇ. ಮೂವತ್ತು ವರ್ಷದಲ್ಲಿ ಒಬ್ಬ ಅತಿಥಿಯ ನಾಲಿಗೆಯನ್ನೂ ಅವನು ಸುಡಿಸಿದವನಲ್ಲ. ಸುಣ್ಣ ಕೊಟ್ಟರೆ ಈ ಸೀಮೆಯಲ್ಲಿ ಯಾರಾದರೂ ಮೊದಲು ಅರಳಿಸಿಯೇ ಕೊಡುತ್ತಾರೆ. ನೀರು ಹೀರಬೇಕಾದ ಸುಣ್ಣಕ್ಕೆ ಹೊಟ್ಟೆ ತುಂಬ ನೀರು ಕುಡಿಸಿ, ಅದನ್ನು ದೀಪದ ಜೊತೆ ಒಳಗಿಟ್ಟು ಅವನು ಬಾಗಿಲು ಮುಚ್ಚಿದ್ದ.

ಗಂಗಾಳ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಏನು ಕೆಟ್ಟಿತು ಎಂದು ಅವಳು ವಿವರಿಸಿದಳು. ಅವನು ನಾಲ್ಕು ತಿಂಗಳು ಮೈಮುರಿದು ಎಬ್ಬಿಸಿದ ಯಂತ್ರದ ಕಡೆ ಒಮ್ಮೆ ನೋಡಿ, ಗೋಡೆಗೆ ಒರಗಿ ನಿಂತ. "ತಪ್ಪಾತ್ರಿ ಮೇಡಂ. ನನ್ನ ಕೈಲೇ ಲಾರಿಗೆ ಹಾಕಿಧಂಗಾತು" ಎಂದ. ಗಂಗಾಳಿಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ. ಆದರೆ ಸಿಟ್ಟು ಯಾರ ಮೇಲೆ ಮಾಡುವುದು? ಯಾಕೆ ಒಣಗಿರಬೇಕು ಎಂಬುದನ್ನು ಅವನಿಗೆ ಹೇಳದೆ ಓಡಿದವಳು ತಾನೇ. ತರಗತಿಯಲ್ಲಿ ಪ್ರತಿ ಹುಡುಗನಿಗೂ 'ಯಾಕೆ' ಹೇಳುವವಳು, ಆರು ವರ್ಷ ಜೊತೆಗಿದ್ದವನಿಗೆ ಹೇಳಿರಲಿಲ್ಲ.

"ತಪ್ಪು ನನ್ನದು" ಎಂದಳು. "ಈಗ ನಿಮ್ಮ ಲೂನಾ ತೆಗೆಯಿರಿ. ನಮ್ಮ ಮನೆಗೆ ಹೋಗಿ ಮಾವನ ಹತ್ತಿರ ಆ ಓರೆ ದೀಪ ಇಸಕೊಂಡು ಬನ್ನಿ. ಎಂಟು ದಿನ ಆಯಿತು, ಸತ್ತಿರುತ್ತದೆ. ಆದರೂ ತನ್ನಿ."

ಕಮಿಟಿ ಹತ್ತೂ ಮುಕ್ಕಾಲಿಗೇ ಬಂತು. ಹಿರಿಯರು ಪ್ರೊಫೆಸರ್ ಯಲಿಗಾರ, ಜೊತೆಗೊಬ್ಬ ಕಿರಿಯ ಪ್ರಾಧ್ಯಾಪಕ. ಗಂಗಾ ಅವರಿಗೆ ಚಹಾ, ತೊಡೆದೇವು ಕೊಟ್ಟು, ನಡೆದದ್ದನ್ನು ಇದ್ದಂತೆ ಹೇಳಿದಳು. ಐದು ಸತ್ತ ದೀಪಗಳನ್ನು ಮುಂದಿಟ್ಟಳು. ಯಲಿಗಾರರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಅರಳಿದ ಸುಣ್ಣ" ಎಂದು ಗೊಣಗಿ, ತುಟಿ ಬಿಗಿದರು. ಅದು ನಗುವೋ ಅಲ್ಲವೋ ಗಂಗಾಳಿಗೆ ತಿಳಿಯಲಿಲ್ಲ.

ಆಗ ಹೊರಗೆ ಲೂನಾ ನಿಂತ ಸದ್ದಾಯಿತು. ಬಾಗಿಲಲ್ಲಿ ಕಾಣಿಸಿದ್ದು ಶಿವಪುತ್ರಪ್ಪನಲ್ಲ, ಮಾಸ್ತರು. ಎದೆಗವಚಿದ ಸುಣ್ಣದ ಭರಣಿ, ಕಂಕುಳಲ್ಲಿ ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರು. ಲೂನಾದ ಹಿಂದೆ ಕೂತು ಪೇಟೆಯ ನಡುವೆ ಹೀಗೇ ಬಂದಿದ್ದಾರೆಂದು ನೆನೆದು ಗಂಗಾಳಿಗೆ ಆ ಸಂಕಟದಲ್ಲೂ ನಗು ಬಂತು.

"ಮೊದ್ಲೇ ಹೇಳ್ತೆ, ಬೈಯಡ" ಎಂದರು ಮಾಸ್ತರು, ಪ್ರೊಫೆಸರುಗಳಿಗೆ ಕೈಮುಗಿದು ಆದ ಮೇಲೆ. "ಐದು ನಿಮಿಷ ದಾಟೋಜು."

"ಎಷ್ಟು ದಾಟಿದ್ದು ಮಾವ? ದೀಪ ಎಲ್ಲಿ?"

ಅವರು ಭರಣಿಯ ಮುಚ್ಚಳ ತಿರುಗಿಸಿ ತೆಗೆದರು. ಸುಟ್ಟ ಚಿಪ್ಪುಗಳ ಮೇಲೆ, ಹಳೆಯ ಪಾಣಿಪಂಚೆಯ ತುಂಡಿನಲ್ಲಿ ಸುತ್ತಿ, ದೀಪ ಬೆಚ್ಚಗೆ ಮಲಗಿತ್ತು. "ನೀರಾದ್ರೆ ಆಗ್ತಿಲ್ಲೆ ಹೇಳಿ ನೀನೇ ಹೇಳಿದ್ಯಲೆ. ಅದ್ಕೇ ಹಚ್ಚಿ ಆದ ಕೂಡ್ಲೆ ಇದ್ರಲ್ಲೇ ಇಟ್ಟು ಮುಚ್ಚಳ ಬಿಗೀತಿದ್ದಿ."

ಗಂಗಾ ಅದನ್ನು ಬ್ಯಾಟರಿಗೆ ಸಿಕ್ಕಿಸಿದಳು. ಪರದೆ ಎಳೆದ ಲ್ಯಾಬಿನಲ್ಲಿ ಅರ್ಧ ಕಿಟಕಿ ನೀಲಿ ಹೊತ್ತಿತು. ಅಂಚಿನಲ್ಲಿ ಎರಡು ಸಣ್ಣ ಚುಕ್ಕೆ, ಅಷ್ಟೇ. ಕಿರಿಯ ಪ್ರಾಧ್ಯಾಪಕ ಬಗ್ಗಿ ನೋಡಿ, ಬೆಳಕು ಅಳೆಯುವ ಮೀಟರು ಹಿಡಿದು, ಗಂಗಾಳ ಪುಸ್ತಕದಲ್ಲಿದ್ದ ಮೊದಲ ದಿನದ ಅಂಕಿಗೆ ಹೋಲಿಸಿದ. ನೂರಕ್ಕೆ ಎಪ್ಪತ್ತು ಉಳಿದಿತ್ತು.

"ಎಂಟ ದಿನದಾಗ ಇದನ್ನ ಎಷ್ಟ ಹೊತ್ತ ಉರಿಸ್ಯಾರಂತ ಯಾರಿಗೆ ಗೊತ್ತರಿ?" ಎಂದರು ಯಲಿಗಾರರು. "ಐದ ನಿಮಿಷ ಉರದು ಎಂಟ ದಿನ ಮಲಗಿದ್ರ ಅದೇನ ದೊಡ್ಡದಲ್ಲ."

ಮಾಸ್ತರು ಮೇಜಿನ ಮೇಲೆ ಕ್ಯಾಲೆಂಡರು ಹರವಿದರು. ಹಾಜರಿ ಪುಸ್ತಕದ ಅಕ್ಷರದಲ್ಲಿ, ಹಾಲಿನ ಅಳತೆ ಬರೆಯುವ ಚೌಕಗಳಲ್ಲಿ ಎಲ್ಲ ಇತ್ತು. ಯಲಿಗಾರರು ಗಟ್ಟಿಯಾಗಿ ಓದತೊಡಗಿದರು.

"ಸೋಮವಾರ. ನಾನು. ಐದು ನಿಮಿಷ. ಮಂಗಳವಾರ. ಪಕ್ಕದ ಮನೆ ವೆಂಕಮ್ಮ. ಇಪ್ಪತ್ತು ನಿಮಿಷ. ನೀಲಿಯೇ ಹೌದು ಎಂದರು. ಬುಧವಾರ. ಕರೆಂಟಿಲ್ಲ. ಇದರ ಬೆಳಕಲ್ಲೇ ಊಟ. ಉಪ್ಪಿನಕಾಯಿ ಬಟ್ಟಲು ಕಂಡಿತು, ಉಪ್ಪಿನಕಾಯಿ ಕಾಣಲಿಲ್ಲ. ಐವತ್ತು ನಿಮಿಷ." ಅವರು ತಲೆಯೆತ್ತಿ ಮಾಸ್ತರನ್ನು ನೋಡಿ ಮತ್ತೆ ಓದಿದರು. "ಗುರುವಾರ. ಕೇರಿಯ ಮಕ್ಕಳು, ಸಾಲಾಗಿ. ಒಂದೂವರೆ ತಾಸು. ಶುಕ್ರವಾರ. ಹಾಲಿನ ಗಣಪ, ಅವನ ಅಣ್ಣ. ಒಂದು ತಾಸು. ಬ್ಯಾಟರಿ ಬದಲು. ಶನಿವಾರ. ಎರಡು ತಾಸು. ಯಾರೂ ಇಲ್ಲ. ಸುಮ್ಮನೆ ನೋಡಿದೆ."

ಯಲಿಗಾರರು ಭಾನುವಾರ, ಸೋಮವಾರದ್ದನ್ನೂ ಸೇರಿಸಿ ಬೆರಳಿನಲ್ಲಿ ಕೂಡಿಸಿದರು. ಒಂಬತ್ತು ತಾಸು ಹದಿನೈದು ನಿಮಿಷ.

"ಮಾಸ್ತರ, ಇದರಾಗ ಒಂದೂ ಹೆಚ್ಚು ಕಡಿಮಿ ಇಲ್ಲಲ್ರಿ?"

"ಮೂವತ್ತಾರು ವರ್ಷ ಹಾಜರಿ ಬರೆದವನು ನಾನು" ಎಂದರು ಮಾಸ್ತರು, ಪರಊರಿನವರೊಡನೆ ಆಡುವ ಶುದ್ಧ ಶಾಲೆಯ ಕನ್ನಡದಲ್ಲಿ. "ಬಾರದವರನ್ನು ಬಂದರು ಎಂದು ಬರೆದದ್ದಿಲ್ಲ."

ದೀಪ ಉರಿಯುತ್ತಲೇ ಇತ್ತು. ಯಲಿಗಾರರು ಕುರ್ಚಿ ಎಳೆದು ಅದರ ಮುಂದೆ ಕೂತರು. ಪದರಗಳ ದಪ್ಪ ಕೇಳಿದರು, ತಡೆ ಪದರ ಹತ್ತೇ ಯಾಕೆ, ಹದಿನೈದು ಯಾಕಲ್ಲ ಎಂದು ಕೆದಕಿದರು. ಹದಿನೈದಾದರೆ ಇಲೆಕ್ಟ್ರಾನಿಗೂ ದಾರಿ ಕಷ್ಟ, ಹೆಚ್ಚು ವೋಲ್ಟು ಬೇಕು, ನೀಲಿ ಬೇಗ ಸೋಲುತ್ತದೆ ಎಂದು ಗಂಗಾ ಗ್ರಾಫು ತೋರಿಸಿದಳು. ಮುಚ್ಚಳ ಹಾಕಿದ್ದು ಯಾರು ಎಂದು ಕೇಳಿದಾಗ, "ಇದಕ್ಕೆ ನಾನು. ಆ ಐದಕ್ಕೆ ನಮ್ಮ ಶಿವಪುತ್ರಪ್ಪನವರು. ಅವರ ಕೈ ನನ್ನದಕ್ಕಿಂತ ಚಲೋ, ಅಂಟಿನಲ್ಲಿ ಒಂದು ಸೀಳಿಲ್ಲ ನೋಡಿ. ಹೇಳಿಕೊಡುವುದರಲ್ಲಿ ನಾನು ತಪ್ಪಿದೆ" ಎಂದಳು. ಬಾಗಿಲಾಚೆ ಶಿವಪುತ್ರಪ್ಪ ನಿಂತಿದ್ದ. ಒಳಗೆ ಬರಲು ಅವನಿಗೆ ಮನಸ್ಸಾಗಲಿಲ್ಲ.

ಹನ್ನೆರಡು ಕಳೆಯಿತು. ಯಲಿಗಾರರು ಗಡಿಯಾರ ನೋಡಿ, ಕಿಸೆಯ ಪೆನ್ನು ತೆಗೆದರು. ಗಂಗಾ ವರದಿಯ ಫಾರ್ಮು ಮುಂದೆ ತಳ್ಳಿದಳು. ಅವರು ಅದನ್ನು ಬದಿಗಿಟ್ಟು ಕ್ಯಾಲೆಂಡರು ಎಳೆದುಕೊಂಡು, ಇಪ್ಪತ್ತೇಳರ ಚೌಕದಲ್ಲಿ ಬರೆದರು: "ಮಂಗಳವಾರ. ಕಮಿಟಿ. ಒಂದು ತಾಸು ಐದು ನಿಮಿಷ. ನಂದಿಲ್ಲ." ಕೆಳಗೆ ಸಹಿ ಹಾಕಿದರು. ಆಮೇಲೆ ಫಾರ್ಮು.

"ಯಂತ್ರ ಇಲ್ಲೇ ಇರಲಿ ಬಿಡ್ರಿ" ಎಂದರು. "ಅಲ್ಲಿ ಒಯ್ದು ಈ ಸುಣ್ಣ ಎಲ್ಲಿಂದ ತರೋಣು?" ಹೊರಡುವಾಗ ಮಾಸ್ತರ ಸಂಚಿಯಿಂದ ಒಂದು ಕವಳ ಹಾಕಿಸಿಕೊಂಡೇ ಹೋದರು.

ಕಾರು ಗೇಟು ದಾಟಿದ ಮೇಲೆ ಶಿವಪುತ್ರಪ್ಪ ಒಳಗೆ ಬಂದು ಯಂತ್ರದ ಗಾಜಿನ ಗಂಟೆಯನ್ನು ಒರೆಸತೊಡಗಿದ. ಅದು ಒರೆಸುವಷ್ಟು ಧೂಳಾಗಿರಲಿಲ್ಲ. ಗಂಗಾ ಅವನಿಗೆ ಸುಣ್ಣದ ವಿಷಯವನ್ನು ಮೊದಲಿನಿಂದ ಹೇಳಿದಳು, ಬೋರ್ಡಿನ ಮೇಲೆ ಬರೆದು, ಯಾಕೆ ಎಂಬುದನ್ನೂ ಸೇರಿಸಿ. ನಾಳೆಯಿಂದ ಹೊಸ ಐದು ದೀಪ, ಮುಚ್ಚಳ ನಿಮ್ಮದೇ ಎಂದಳು. ಅವನು ತಲೆಯಾಡಿಸಿದ. ಕಣ್ಣು ಮಾತ್ರ ಭರಣಿಯ ಕಡೆಗಿತ್ತು.

"ಮನಿಯಾಗ ನಮ್ಮಾಕಿ ಗಿರಿಜವ್ವ ಆರ ವರ್ಷದಿಂದ ಕೇಳಾಕತ್ತಾಳ್ರಿ" ಎಂದ, ತಡೆದು ತಡೆದು. "ದಿನಾ ಅದೇನ ದೀಪ ಮಾಡ್ತೀರಿ, ಒಂದರೆ ಹತ್ತೇತೇನು ಅಂತ."

ಗಂಗಾ ಭರಣಿಯನ್ನೂ ಬ್ಯಾಟರಿಯನ್ನೂ ಕ್ಯಾಲೆಂಡರನ್ನೂ ಒಟ್ಟಿಗೆ ಅವನ ಕೈಗೆ ಕೊಟ್ಟಳು. "ಐದೇ ನಿಮಿಷ ಶಿವಪುತ್ರಪ್ಪ. ಬರೆದಿಡಿ."

"ಅದು ಎಲ್ಲರಿಗೂ ಹಾಂಗೇ ಹೇಳ್ತು" ಎಂದರು ಪಕ್ಕದಲ್ಲಿ ಕವಳ ಕಟ್ಟುತ್ತಿದ್ದ ಮಾಸ್ತರು, ಸೊಸೆಯ ಕಡೆ ಗದ್ದ ತೋರಿಸಿ.

ಬುಧವಾರ ಬೆಳಿಗ್ಗೆ ಭರಣಿ ಮೇಜಿನ ಮೇಲಿತ್ತು, ಮುಚ್ಚಳ ಬಿಗಿಯಾಗಿ ಕೂತಿತ್ತು. ಗಂಗಾ ಕ್ಯಾಲೆಂಡರು ಬಿಚ್ಚಿದಳು. ಯಲಿಗಾರರ ಸಹಿಯ ಕೆಳಗೆ, ಇದ್ದ ಚೂರು ಜಾಗದಲ್ಲಿ, ಶಿವಪುತ್ರಪ್ಪನ ದುಂಡು ಅಕ್ಷರ: "ಗಿರಿಜವ್ವ. 5 ನಿಮಿಷ." ಆ ಐದನ್ನು ಅಡ್ಡಗೆರೆ ಎಳೆದು ಹೊಡೆದು, ಪಕ್ಕದಲ್ಲಿ "ಎರಡು ತಾಸು" ಎಂದು ಬರೆದಿದ್ದ. ಗಂಗಾ ತನ್ನ ಪುಸ್ತಕ ತೆರೆದು, ದೀಪದ ಆಯುಷ್ಯದ ಪಟ್ಟಿಯಲ್ಲಿ ಆ ಎರಡು ತಾಸನ್ನೂ ಸೇರಿಸಿದಳು.